ಗಾರ್ಚಾಂಪ್ ಕೈಕೊಡುತ್ತಿದೆಯೇ? ಆಡಿಸುವವರಿಗೂ ಎದುರಿಸುವವರಿಗೂ ಒಂದು ದೋಷ ನಿವಾರಣೆ ಕೈಪಿಡಿ

ಪೋಕೆಮಾನ್ ಬ್ಯಾಟಲ್ ಆಡುವವರಿಂದ ಗಾರ್ಚಾಂಪ್ ಬಗ್ಗೆ ಎರಡೇ ದೂರು ಕೇಳಿಬರುತ್ತವೆ. ಒಂದು, "ನನ್ನ ಗಾರ್ಚಾಂಪ್ ಏನೂ ಮಾಡದೆ ಸತ್ತುಹೋಗುತ್ತೆ." ಇನ್ನೊಂದು, "ಎದುರಿನವರ ಗಾರ್ಚಾಂಪ್ ಒಂದೇ ನನ್ನ ತಂಡವನ್ನೆಲ್ಲ ಮುಗಿಸಿಬಿಡುತ್ತೆ." ಎರಡನ್ನೂ ಹೇಳುವವರು ಹೆಚ್ಚಾಗಿ ಒಬ್ಬರೇ ಆಗಿರುತ್ತಾರೆ, ಎರಡರ ಮೂಲವೂ ಒಂದೇ. ಗಾರ್ಚಾಂಪ್ ಹತ್ತಾರು ಕೆಲಸ ಮಾಡಬಲ್ಲದು, ಆದರೆ ಒಂದು ಪಂದ್ಯದಲ್ಲಿ ಒಂದೇ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಆಡಿಸುವವರು ಆ ಕೆಲಸ ಯಾವುದೆಂದು ಮೊದಲೇ ತೀರ್ಮಾನಿಸಿರುವುದಿಲ್ಲ. ಎದುರಿಸುವವರು ಅದು ಯಾವುದೆಂದು ಪತ್ತೆಹಚ್ಚುವ ಮುಂಚೆಯೇ ಉತ್ತರ ಕೊಡಲು ಹೊರಡುತ್ತಾರೆ.

2006ರಲ್ಲಿ ಡೈಮಂಡ್ ಮತ್ತು ಪರ್ಲ್ ಆಟಗಳ ಜೊತೆ ಬಂದ ಈ ಡ್ರ್ಯಾಗನ್–ಗ್ರೌಂಡ್ ಪೋಕೆಮಾನ್ ಆ ಕಾಲದಲ್ಲಿ ಎಷ್ಟು ಜೋರಾಗಿತ್ತೆಂದರೆ, 2008ರಲ್ಲಿ ಸ್ಮೋಗನ್ (ಈ ಆಟಕ್ಕೆ ನಿಯಮ ರೂಪಿಸುವ ಅಭಿಮಾನಿಗಳ ಬಳಗ) ಅದನ್ನು ಒಯು ಎಂಬ ತನ್ನ ಮುಖ್ಯ ಶ್ರೇಣಿಯಿಂದ ಹೊರಗಿಟ್ಟಿತು. ಐಸ್ ಹೊಡೆತವನ್ನು ಅರ್ಧಕ್ಕಿಳಿಸುವ ಯಾಚೆ ಬೆರಿ ಹಿಡಿದು, ಅಟ್ಯಾಕ್ ಎರಡು ಪಟ್ಟು ಮಾಡುವ ಸ್ವೋರ್ಡ್ಸ್ ಡ್ಯಾನ್ಸ್ ಹಾಕಿದರೆ ತಡೆಯುವವರೇ ಇರಲಿಲ್ಲ. ಈಗ ಸ್ಕಾರ್ಲೆಟ್–ವೈಲೆಟ್ ಕಾಲ. ಸುತ್ತಲಿನ ಎಷ್ಟೋ ಪೋಕೆಮಾನ್‌ಗಳು ಅದಕ್ಕಿಂತ ವೇಗವಾಗಿವೆ. ಹಳೆಯ ಹೆಸರನ್ನು ನಂಬಿ ತಂಡಕ್ಕೆ ಸೇರಿಸಿಕೊಂಡವರಿಗೆ ನಿರಾಸೆ ಆಗುವುದು ಇಲ್ಲೇ. ಕೆಳಗಿನದೆಲ್ಲ ಮುಖ್ಯವಾಗಿ ಒಂಬತ್ತನೇ ಪೀಳಿಗೆಯ ಸಿಂಗಲ್ಸ್‌ಗೆ, ಅಂದರೆ ಶೋಡೌನ್ ಎಂಬ ಆನ್‌ಲೈನ್ ಬ್ಯಾಟಲ್ ತಾಣದಲ್ಲಿ ಆರಕ್ಕೆ ಆರು, ಲೆವೆಲ್ 100ರ ಆಟಕ್ಕೆ ಬರೆದದ್ದು. ಡಬಲ್ಸ್ ಆಡುವವರಿಗೆ ಬೇಕಾದದ್ದು ಕೊನೆಯ ಹತ್ತಿರ ಇದೆ.

ಮೊದಲ ತಪಾಸಣೆ: ವೇಗದ ಅಂಕಿ

ಗಾರ್ಚಾಂಪ್‌ನ ಮೂಲ ಅಂಕಿಗಳು: ಎಚ್‌ಪಿ 108, ಅಟ್ಯಾಕ್ 130, ಡಿಫೆನ್ಸ್ 95, ಸ್ಪೆಷಲ್ ಅಟ್ಯಾಕ್ 80, ಸ್ಪೆಷಲ್ ಡಿಫೆನ್ಸ್ 85, ಸ್ಪೀಡ್ 102. ಒಟ್ಟು 600. ಇವುಗಳಲ್ಲಿ ಮೊದಲು ನೋಡಬೇಕಾದದ್ದು ಆ 102. ಮೂಲವೇಗ ಸರಿಯಾಗಿ 100 ಇರುವ ಪೋಕೆಮಾನ್‌ಗಳ ದೊಡ್ಡ ಗುಂಪನ್ನು ಎರಡೇ ಎರಡು ಅಂಕದಿಂದ ದಾಟುವ ವೇಗ ಅದು. ಆದರೆ ಸ್ವಭಾವ ಜಾಲಿ (ವೇಗ ಹೆಚ್ಚಿಸುವಂಥದ್ದು) ಆಗಿದ್ದರೆ ಮಾತ್ರ.

"ನಾನೇ ವೇಗ ಅಂದುಕೊಂಡಿದ್ದೆ, ಅದೇ ಮೊದಲು ಹೊಡೆಯಿತು" ಎನ್ನುವುದು ನಿಮ್ಮ ತೊಂದರೆಯಾದರೆ ತಂಡದ ಪುಟ ತೆರೆದು ಸ್ಪೀಡ್ ಎಷ್ಟು ತೋರಿಸುತ್ತಿದೆ ನೋಡಿ. 252 ಇವಿ (ತರಬೇತಿಯಿಂದ ಸೇರುವ ಅಂಕ) ಮತ್ತು ಜಾಲಿ ಇದ್ದರೆ 333 ಇರಬೇಕು. ಅದೇ ಇವಿ, ಅಟ್ಯಾಕ್ ಹೆಚ್ಚಿಸುವ ಅಡಮೆಂಟ್ ಸ್ವಭಾವ ಆದರೆ 303. ಮೂವತ್ತು ಅಂಕದ ಈ ಅಂತರದಲ್ಲಿ ಬಹಳಷ್ಟು ಪಂದ್ಯಗಳು ಸೋತುಹೋಗುತ್ತವೆ. ಜಾಲಿ ಲ್ಯಾಂಡೋರಸ್‌ನ ಥೀರಿಯನ್ ರೂಪದ ವೇಗ 309. ಅಡಮೆಂಟ್ ಗಾರ್ಚಾಂಪ್ ಅದಕ್ಕಿಂತ ಆರೇ ಅಂಕ ಹಿಂದೆ. ಜಾಲಿ ಗ್ರೇಟ್ ಟಸ್ಕ್ 300, ಅದನ್ನು ಅಡಮೆಂಟ್ ಗಾರ್ಚಾಂಪ್ ಮೂರು ಅಂಕದಿಂದ ದಾಟುತ್ತದೆ. ಮೂಲವೇಗ 100ರವು ಪೂರ್ತಿ ವೇಗ ಹಾಕಿದರೆ 328. ಹೊಡೆತದ ಬಲಕ್ಕೆ ಆಸೆಪಟ್ಟು ಅಡಮೆಂಟ್ ಇಟ್ಟವರು ಈ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡಿರಬೇಕು.

ಜಾಲಿ ಇದ್ದರೂ ಮುಂದೆ ಹೋಗುವವು ಯಾವುವು? ಐರನ್ ಮಾತ್ 350, ಐರನ್ ವೇಲಿಯಂಟ್ 364, ವೀವೈಲ್ 383, ಝಮಝೆಂಟಾ 412, ಡ್ರಾಗಪಲ್ಟ್ 421. ಇವು ಎದುರಿದ್ದಾಗ ಚಾಯ್ಸ್ ಸ್ಕಾರ್ಫ್ (ವೇಗವನ್ನು ಒಂದೂವರೆ ಪಟ್ಟು ಮಾಡಿ ಒಂದೇ ಮೂವ್‌ಗೆ ಕಟ್ಟಿಹಾಕುವ ಐಟಂ) ಇಲ್ಲದ, ವೇಗ ಏರಿಸಿಕೊಳ್ಳದ ಗಾರ್ಚಾಂಪ್ ಎರಡನೆಯದಾಗಿಯೇ ಹೊಡೆಯಬೇಕು. ಅದು ದೋಷವಲ್ಲ, ಲೆಕ್ಕ. ಎರಡೂ ಕಡೆ ಜಾಲಿ ಗಾರ್ಚಾಂಪ್ ಇದ್ದರೆ 333ಕ್ಕೆ 333, ಯಾರು ಮೊದಲು ಎನ್ನುವುದು ನಾಣ್ಯ ಚಿಮ್ಮಿದ ಹಾಗೆ. ಅಂಥ ಟರ್ನ್‌ನ ಮೇಲೆ ಪಂದ್ಯ ನಿಲ್ಲದಂತೆ ನೋಡಿಕೊಳ್ಳಿ.

ಸ್ವಿಚ್‌ನಲ್ಲಿ ಆಡುವವರಿಗೆ ಲೆವೆಲ್ 50ರ ಅಂಕಿಗಳು ಬೇಕು. ವೇಗ 169 ತೋರಿಸಿದರೆ ಎಲ್ಲ ಸರಿ. 154 ಇದ್ದರೆ ಇವಿ ಸರಿಯಿದೆ, ಸ್ವಭಾವ ಜಾಲಿ ಅಲ್ಲ. ಜಾಲಿ ಮಿಂಟ್ ಕೊಡಿ. 134 ಇದ್ದರೆ ಸ್ವಭಾವ ಸರಿಯಿದೆ, ಇವಿ ಹಾಕಿಲ್ಲ. 122 ಇದ್ದರೆ ಎರಡೂ ಇಲ್ಲ. ಇದಕ್ಕಿಂತ ಕಡಿಮೆ ತೋರಿಸಿದರೆ ಒಂದೋ ಐವಿ (ಹುಟ್ಟಿನಿಂದ ಬರುವ ಅಂಕ) ಪೂರ್ತಿ ಇಲ್ಲ, ಇಲ್ಲವೇ ವೇಗ ತಗ್ಗಿಸುವ ಸ್ವಭಾವ ಇದೆ. ಮೊದಲನೆಯದಕ್ಕೆ ಬಾಟಲ್ ಕ್ಯಾಪ್, ಎರಡನೆಯದಕ್ಕೆ ಮಿಂಟ್. ಹಾಗೆಯೇ ಅಬಿಲಿಟಿ ರಫ್ ಸ್ಕಿನ್ (ಮುಟ್ಟಿ ಹೊಡೆದವರಿಗೇ ಪೆಟ್ಟು ಕೊಡುವ ಗುಣ) ಇದೆಯೇ ನೋಡಿ. ಅದು ಹಿಡನ್ ಅಬಿಲಿಟಿ, ಕಾಡಿನಲ್ಲಿ ಹಿಡಿದದ್ದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ, ಅಬಿಲಿಟಿ ಪ್ಯಾಚ್ ಬೇಕು. ಮರಳುಗಾಳಿಯಲ್ಲಿ ಎದುರಿನ ಗುರಿ ತಪ್ಪಿಸುವ ಸ್ಯಾಂಡ್ ವೇಲ್‌ಗೆ ಸ್ಮೋಗನ್ ನಿಯಮಗಳಲ್ಲಿ ನಿಷೇಧವಿದೆ. ನನ್ನ ಮಟ್ಟಿಗೆ ಅದು ಒಳ್ಳೆಯ ತೀರ್ಮಾನ. ಸರಿಯಾಗಿ ಯೋಚಿಸಿ ಆಡಿದವರು ಬರೀ ಅದೃಷ್ಟಕ್ಕೆ ಸೋಲಬಾರದು.

ಲಕ್ಷಣ: ಸ್ವೋರ್ಡ್ಸ್ ಡ್ಯಾನ್ಸ್, ಸ್ಕೇಲ್ ಶಾಟ್ ಎರಡೂ ಆಯಿತು, ಆದರೂ ಸತ್ತಿತು

ಇಂದು ಹೆಚ್ಚು ಜನ ಆಡಿಸುವ ಸೆಟ್ (ಮೂವ್, ಐಟಂ, ಇವಿಗಳ ಜೋಡಣೆ) ಇದು, ಹೆಚ್ಚು ತಪ್ಪಾಗುವುದೂ ಇಲ್ಲೇ. ಸ್ಕೇಲ್ ಶಾಟ್ ಎರಡರಿಂದ ಐದು ಸಲ ಹೊಡೆಯುತ್ತದೆ, ಒಂದೊಂದು ಹೊಡೆತದ ಬಲ 25. ಲೋಡೆಡ್ ಡೈಸ್ ಹಿಡಿದಿದ್ದರೆ ನಾಲ್ಕು ಅಥವಾ ಐದು ಸಲ ಖಚಿತ. ಹೊಡೆದು ಮುಗಿದ ಮೇಲೆ ಗಾರ್ಚಾಂಪ್‌ನ ಸ್ಪೀಡ್ ಒಂದು ಹಂತ ಏರುತ್ತದೆ, ಡಿಫೆನ್ಸ್ ಒಂದು ಹಂತ ಇಳಿಯುತ್ತದೆ. ಏರುವುದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಇಳಿಯುವುದನ್ನು ಮರೆಯುತ್ತಾರೆ.

ಒಂದು ಲೆಕ್ಕ ಬಿಡಿಸಿ ತೋರಿಸುತ್ತೇನೆ. ಎದುರಿಗೆ ವೀವೈಲ್. ಜಾಲಿ, ಅಟ್ಯಾಕ್‌ಗೆ 252, ಅಂದರೆ ಅಟ್ಯಾಕ್ 339. ಹಿಡಿದಿರುವುದು ಹೆವಿ ಡ್ಯೂಟಿ ಬೂಟ್ಸ್, ಹೊಡೆತಕ್ಕೆ ಬಲ ಕೊಡುವ ಐಟಂ ಅಲ್ಲ. ನಮ್ಮ ಗಾರ್ಚಾಂಪ್‌ನ ಎಚ್‌ಪಿ 357, ಡಿಫೆನ್ಸ್ 226, ಎರಡಕ್ಕೂ ಇವಿ ಇಲ್ಲ. ವೀವೈಲ್ ಐಸ್ ಶಾರ್ಡ್ ಹೊಡೆಯುತ್ತದೆ: ಬಲ ಬರೀ 40, ಆದರೆ ಪ್ರಯಾರಿಟಿ ಮೂವ್, ಗಾರ್ಚಾಂಪ್‌ಗೆ ನಾಲ್ಕು ಪಟ್ಟು ತಾಗುವ ಐಸ್. ಬೀಳುವ ಪೆಟ್ಟು 264ರಿಂದ 312. ಅಂದರೆ ತುಂಬಿದ ಗಾರ್ಚಾಂಪ್‌ನ ಶೇ 74ರಿಂದ 87. ಸಾಯುವುದಿಲ್ಲ! ಇದು ಬಹಳ ಜನಕ್ಕೆ ಗೊತ್ತಿಲ್ಲ. ವೀವೈಲ್ ಕಂಡ ತಕ್ಷಣ ಹೆದರಿ ಗಾರ್ಚಾಂಪ್ ಹಿಂದೆಗೆಯುತ್ತಾರೆ.

ಅದೇ ಗಾರ್ಚಾಂಪ್ ಸ್ಕೇಲ್ ಶಾಟ್ ಬಳಸಿದ ಮೇಲೆ ಡಿಫೆನ್ಸ್ 226 ಇದ್ದದ್ದು 150ಕ್ಕೆ ಇಳಿದಿರುತ್ತದೆ. ಈಗ ಅದೇ ಐಸ್ ಶಾರ್ಡ್‌ನ ಕನಿಷ್ಠ ಪೆಟ್ಟೇ 388. ಎಚ್‌ಪಿ 357. ತುಂಬಿದ್ದರೂ ಬದುಕುವ ದಾರಿ ಇಲ್ಲ. ವೇಗ 499 ಆಗಿದ್ದೂ ಉಪಯೋಗಕ್ಕೆ ಬರಲಿಲ್ಲ, ಏಕೆಂದರೆ ಪ್ರಯಾರಿಟಿ ಮೂವ್‌ಗೆ ವೇಗದ ಹಂಗಿಲ್ಲ.

ಪರಿಹಾರ ಇದರಲ್ಲೇ ಇದೆ. ಪಂದ್ಯ ಶುರುವಾಗುವ ಮುಂಚೆ ತಂಡಗಳು ಕಾಣಿಸುತ್ತವಲ್ಲ, ಆಗಲೇ ಎದುರಿಗೆ ಪ್ರಯಾರಿಟಿ ಯಾರ ಬಳಿ ಇದೆ ಎಂದು ಗುರುತು ಹಾಕಿಕೊಳ್ಳಿ. ವೀವೈಲ್, ಮ್ಯಾಮೋಸ್ವೈನ್‌ಗಳ ಐಸ್ ಶಾರ್ಡ್, ಡ್ರ್ಯಾಗನೈಟ್‌ನ ಎಕ್ಸ್‌ಟ್ರೀಮ್ ಸ್ಪೀಡ್, ಕಿಂಗಾಂಬಿಟ್‌ನ ಸಕ್ಕರ್ ಪಂಚ್. ಇವು ಬದುಕಿರುವಾಗ ಸ್ಕೇಲ್ ಶಾಟ್ ಬಳಸಬೇಡಿ, ಅರ್ಥ್‌ಕ್ವೇಕ್ ಹೊಡೆಯಿರಿ. ಬಳಸಲೇಬೇಕಾದ ಸ್ಥಿತಿ ಬಂದರೆ ಟೆರಾ ಸ್ಟೀಲ್ (ಪಂದ್ಯಕ್ಕೊಮ್ಮೆ ಟೈಪ್ ಬದಲಿಸುವ ಟೆರಾದಿಂದ ಸ್ಟೀಲ್ ಆಗುವುದು) ಇಟ್ಟುಕೊಂಡಿರಿ. ಸ್ಟೀಲ್ ಆದ ಮೇಲೆ ಐಸ್ ನಾಲ್ಕು ಪಟ್ಟಿನಿಂದ ಅರ್ಧಕ್ಕೆ ಬರುತ್ತದೆ. ಡ್ರ್ಯಾಗನ್, ಫೇರಿ ಕೂಡ ಅರ್ಧ. ಮೂಲದ ಡ್ರ್ಯಾಗನ್, ಗ್ರೌಂಡ್ ಮೂವ್‌ಗಳಿಗೆ ಸಿಗುವ ಒಂದೂವರೆ ಪಟ್ಟು ಬಲ ಹಾಗೇ ಉಳಿಯುತ್ತದೆ. ಆದರೆ ಎಲೆಕ್ಟ್ರಿಕ್ ತಾಗದಿರುವ ಗುಣ ಹೋಗಿಬಿಡುತ್ತದೆ. ಅಲ್ಲಿಯವರೆಗೆ ಗಾರ್ಚಾಂಪ್ ಮುಂದೆ ಸುಮ್ಮನಿದ್ದ ರೇಜಿಂಗ್ ಬೋಲ್ಟ್ ಈಗ ಥಂಡರ್‌ಕ್ಲ್ಯಾಪ್ ಹೊಡೆಯಬಲ್ಲದು, ಅದೂ ಪ್ರಯಾರಿಟಿ ಮೂವ್. ಗ್ರೌಂಡ್, ಫೈಟಿಂಗ್, ಫೈರ್ ಮೂರೂ ಎರಡು ಪಟ್ಟು ತಾಗತೊಡಗುತ್ತವೆ. ಗ್ರೇಟ್ ಟಸ್ಕ್ ಎದುರಿಗಿದ್ದಾಗ ಟೆರಾ ಸ್ಟೀಲ್ ಮಾಡುವುದು ಹೊಂಡದಿಂದ ಎದ್ದು ಬಾವಿಗೆ ಬಿದ್ದಂತೆ.

ಇನ್ನೊಂದು ಸಣ್ಣ ವಿಷಯ: ಫೇರಿ ಮೇಲೆ ಸ್ಕೇಲ್ ಶಾಟ್ ತಾಗುವುದೇ ಇಲ್ಲ, ತಾಗದಿದ್ದರೆ ವೇಗವೂ ಏರುವುದಿಲ್ಲ. ಅದರ ಗುರಿ ಶೇ 90, ಹತ್ತರಲ್ಲಿ ಒಂದು ಸಲ ಸುಮ್ಮನೆ ತಪ್ಪುತ್ತದೆ. ಎಲ್ಲವೂ ಆ ಒಂದು ಸ್ಕೇಲ್ ಶಾಟ್ ಮೇಲೆ ನಿಂತಿದ್ದರೆ ಯೋಜನೆಯೇ ದುರ್ಬಲ. ವೇಗ ಏರಿದ ಮೇಲೂ ಬೂಸ್ಟರ್ ಎನರ್ಜಿಯಿಂದ ವೇಗ ಏರಿಸಿಕೊಂಡ ಐರನ್ ವೇಲಿಯಂಟ್ 546ರಲ್ಲಿ ಓಡುತ್ತದೆ, ನಮ್ಮ 499 ಅದಕ್ಕೆ ಸಾಲದು.

ಲಕ್ಷಣ: ಹೊಡೆತ ಬೀಳುತ್ತಲೇ ಇಲ್ಲ

ಅರ್ಥ್‌ಕ್ವೇಕ್ ಜೊತೆಗೆ ಒಂದು ಡ್ರ್ಯಾಗನ್ ಮೂವ್ ಇದ್ದರೆ ಬಹುತೇಕ ಎಲ್ಲಕ್ಕೂ ತಾಗುತ್ತದೆ ಎನ್ನುವುದು ನಿಜ. ಆ ಬಹುತೇಕದ ಹೊರಗೆ ಉಳಿಯುವವೇ ಪ್ರತಿ ಎರಡನೇ ತಂಡದಲ್ಲಿ ಸಿಗುತ್ತವೆ. ಕೊರ್ವಿನೈಟ್ ಮತ್ತು ಸ್ಕಾರ್ಮರಿ ಸ್ಟೀಲ್–ಫ್ಲೈಯಿಂಗ್; ಅರ್ಥ್‌ಕ್ವೇಕ್ ಸೊನ್ನೆ, ಡ್ರ್ಯಾಗನ್ ಅರ್ಧ. ಇವುಗಳಿಗೆ ಫೈರ್ ಮೂವ್ ಒಂದು ಬೇಕು. ಸ್ವೋರ್ಡ್ಸ್ ಡ್ಯಾನ್ಸ್ ಸೆಟ್‌ನಲ್ಲಿ ಫೈರ್ ಫ್ಯಾಂಗ್, ಕಲ್ಲು ಹಾಕುವ (ಒಳಬರುವವರಿಗೆ ಪೆಟ್ಟು ಕೊಡುವ ಸ್ಟೆಲ್ತ್ ರಾಕ್ ಬಳಸುವ) ಸೆಟ್‌ನಲ್ಲಿ ಫೈರ್ ಬ್ಲಾಸ್ಟ್. ನಾಲ್ಕನೇ ಜಾಗಕ್ಕೆ ಯಾವುದೋ ಒಂದನ್ನು ತುರುಕುವ ಮೊದಲು ನಿಮ್ಮ ತಂಡದಲ್ಲಿ ಕೊರ್ವಿನೈಟ್ ನೋಡಿಕೊಳ್ಳುವವರು ಬೇರೆ ಯಾರಿದ್ದಾರೆ ಕೇಳಿಕೊಳ್ಳಿ. ಯಾರೂ ಇಲ್ಲದಿದ್ದರೆ ಗಾರ್ಚಾಂಪ್ ಕೈಗೇ ಬೆಂಕಿ ಕೊಡಬೇಕು.

ಡ್ಯಾನ್ಸ್ ಮಾಡಿದರೂ ಪೆಟ್ಟು ಏರದಿದ್ದರೆ ಎದುರಿನ ಅಬಿಲಿಟಿ ಅನ್‌ಅವೇರ್ ಇರಬಹುದು. ಡೊಂಡೋಝೋ, ಕ್ಲೆಫೇಬಲ್, ಕ್ಲೋಡ್‌ಸೈರ್ ಇವು ನಿಮ್ಮ ಏರಿದ ಹಂತಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡೊಂಡೋಝೋ ಎದುರು ಗಾರ್ಚಾಂಪ್ ಆಡಿಸುವುದು ಸಮಯ ಹಾಳು, ಬೇರೆಯವರನ್ನು ಕರೆಯಿರಿ.

ಅರ್ಥ್‌ಕ್ವೇಕ್ ಮಾತ್ರ ಇದ್ದಕ್ಕಿದ್ದಂತೆ ಸಪ್ಪೆಯಾಯಿತೇ? ನೆಲ ಹಸಿರಾಗಿದೆಯೇ ನೋಡಿ. ರಿಲ್ಲಬೂಮ್ ತರುವ ಗ್ರಾಸಿ ಟೆರೇನ್‌ನಲ್ಲಿ ಅರ್ಥ್‌ಕ್ವೇಕ್ ಬಲ ಅರ್ಧ. ಎಲ್ಲ ಫಿಸಿಕಲ್ ಮೂವ್‌ಗಳೂ ಸಪ್ಪೆಯಾಗಿದ್ದರೆ ಹೆಸರಿನ ಪಕ್ಕ ಬರ್ನ್ ಗುರುತು ಇರುತ್ತದೆ, ಇಲ್ಲವೇ ಲ್ಯಾಂಡೋರಸ್ ಬಂದು ಇಂಟಿಮಿಡೇಟ್‌ನಿಂದ ಅಟ್ಯಾಕ್ ಇಳಿಸಿರುತ್ತದೆ. ರೋಟಮ್‌ನ ವಾಶ್ ರೂಪ ಗಾಳಿಯಲ್ಲಿ ತೇಲುತ್ತ ಅರ್ಥ್‌ಕ್ವೇಕ್ ತಪ್ಪಿಸಿಕೊಂಡು ಬರ್ನ್ ಮಾಡುವ ವಿಲ್ ಓ ವಿಸ್ಪ್ ಹಾಕುವುದು ಬಹಳ ಹಳೆಯ ಉಪಾಯ, ಇಂದಿಗೂ ಕೆಲಸ ಮಾಡುತ್ತದೆ.

ಲಕ್ಷಣ: ಗೋಡೆಯಾಗಿ ನಿಲ್ಲಿಸಿದರೆ ಬೇಗ ಸವೆದುಹೋಗುತ್ತದೆ

ಗಾರ್ಚಾಂಪ್‌ಗೆ ರಿಕವರ್, ರೂಸ್ಟ್ ಥರದ ಮೂವ್ ಇಲ್ಲ. ಹಾಗಾಗಿ ಕಳೆದುಕೊಂಡ ಎಚ್‌ಪಿ ಕಳೆದುಕೊಂಡಂತೆಯೇ. ಎಚ್‌ಪಿಗೆ 252 ಹಾಕಿದರೆ 420 ಆಗುತ್ತದೆ, ಅದನ್ನು ಹಣದಂತೆ ಖರ್ಚು ಮಾಡಬೇಕು. ಈ ಸೆಟ್‌ನ ನಿಜವಾದ ಆಯುಧ ರಫ್ ಸ್ಕಿನ್ ಮತ್ತು ರಾಕಿ ಹೆಲ್ಮೆಟ್ ಜೋಡಿ. ಮುಟ್ಟಿ ಹೊಡೆದವರು ಒಂದಕ್ಕೆ ಎಂಟನೇ ಒಂದು ಭಾಗ, ಇನ್ನೊಂದಕ್ಕೆ ಆರನೇ ಒಂದು ಭಾಗ ಕಳೆದುಕೊಳ್ಳುತ್ತಾರೆ. ಕೂಡಿದರೆ ಶೇ 29ಕ್ಕೆ ಸ್ವಲ್ಪ ಮೇಲೆ. ಕಲ್ಲು ಗುಡಿಸಲು ರ‍್ಯಾಪಿಡ್ ಸ್ಪಿನ್ ಮಾಡುವ ಗ್ರೇಟ್ ಟಸ್ಕ್, ಯು ಟರ್ನ್ ಹೊಡೆದು ಓಡುವ ಲ್ಯಾಂಡೋರಸ್, ಎಲ್ಲರೂ ಇದನ್ನು ತೆರಬೇಕು. ವೀವೈಲ್ ಮೂರೂ ಹೊಡೆತ ತಾಗಿಸಿ ಟ್ರಿಪಲ್ ಆಕ್ಸಲ್ ಮುಗಿಸಿದರೆ ಅದಕ್ಕೇ ಶೇ 87.5 ಪೆಟ್ಟು, ಗಾರ್ಚಾಂಪ್ ಸಾಯುತ್ತಿದ್ದರೂ ಈ ಬಾಕಿ ವಸೂಲಾಗುತ್ತದೆ. ನನಗೆ ಗಾರ್ಚಾಂಪ್‌ನ ಎಲ್ಲ ರೂಪಗಳಲ್ಲಿ ಇದೇ ಅಚ್ಚುಮೆಚ್ಚು.

ಇದು ಬೇಗ ಸವೆಯುತ್ತಿದ್ದರೆ ಕಾರಣ ಬಹುಪಾಲು ಒಂದೇ: ಮುಟ್ಟದೆ ಹೊಡೆಯುವವರ, ಅದರಲ್ಲೂ ಸ್ಪೆಷಲ್ ದಾಳಿಕಾರರ ಎದುರಿಗೆ ಅದನ್ನು ತರುತ್ತಿದ್ದೀರಿ. ಎಲೆಕ್ಟ್ರಿಕ್ ಮೂವ್ ಬರುತ್ತದೆಂದು ಊಹಿಸಿದಾಗ ತನ್ನಿ. ವೋಲ್ಟ್ ಸ್ವಿಚ್ ಅದರ ಮುಂದೆ ವಿಫಲವಾಗುತ್ತದೆ, ಎದುರಿನದು ಹೊರಟುಹೋಗಲಾರದೆ ಅಲ್ಲೇ ಉಳಿಯುತ್ತದೆ. ಸ್ಟೆಲ್ತ್ ರಾಕ್, ಸ್ಪೈಕ್ಸ್ ಹಾಕಲು ಸಿಗುವ ಒಳ್ಳೆಯ ಗಳಿಗೆ ಅದು. ಹಾಕಿದ್ದು ಉಳಿಯುತ್ತಿಲ್ಲವೆಂದರೆ ಜೊತೆಗೆ ಗೋಲ್ಡೆಂಗೋ ಇಡಿ. ಘೋಸ್ಟ್ ಆದ್ದರಿಂದ ರ‍್ಯಾಪಿಡ್ ಸ್ಪಿನ್ ತಾಗದು, ಗುಡ್ ಆಸ್ ಗೋಲ್ಡ್ ಇರುವುದರಿಂದ ಕಲ್ಲು ಗುಡಿಸುವ ಇನ್ನೊಂದು ಮೂವ್ ಡಿಫಾಗ್ ನಡೆಯದು. ಎದುರಿಗೆ ಹ್ಯಾಟರೀನ್ ಇದ್ದರೆ ಮಾತ್ರ ಜೋಪಾನ, ಮ್ಯಾಜಿಕ್ ಬೌನ್ಸ್‌ನಿಂದ ನಿಮ್ಮ ಕಲ್ಲು ನಿಮ್ಮ ಅಂಗಳಕ್ಕೇ ಬೀಳುತ್ತದೆ.

ಎದುರಿಸುವವರಿಗೆ: ಮೊದಲು ಯಾವ ಗಾರ್ಚಾಂಪ್ ಎಂದು ಪತ್ತೆಹಚ್ಚಿ

"ಐಸ್ ಬೀಮ್ ಇತ್ತು, ಆದರೂ ಸೋತೆ" ಎನ್ನುವವರು ಈ ಭಾಗವನ್ನು ನಿಧಾನವಾಗಿ ಓದಬೇಕು. ಐಸ್ ಬೀಮ್ ಉತ್ತರ ನಿಜ, ಆದರೆ ಪ್ರಶ್ನೆ ಯಾವುದು? ಮೊದಲ ಎರಡು ಮೂರು ಟರ್ನ್‌ಗಳಲ್ಲಿ ಗಾರ್ಚಾಂಪ್ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ, ನೋಡುವ ಕಣ್ಣು ಬೇಕು.

ಬಂದಿದ್ದೇ ಸ್ಟೆಲ್ತ್ ರಾಕ್ ಹಾಕಿ, ಮುಂದಿನ ಟರ್ನ್‌ನಲ್ಲಿ ಬೇರೆ ಮೂವ್ ಬಳಸಿತೇ? ಹಾಗಿದ್ದರೆ ಚಾಯ್ಸ್ ಸ್ಕಾರ್ಫ್ ಇಲ್ಲ. ಎಚ್‌ಪಿ ಕಡಿಮೆಯಾಗಿದ್ದರೂ ಟರ್ನ್ ಕೊನೆಗೆ ಚೂರು ತುಂಬಿಕೊಳ್ಳಲಿಲ್ಲವೇ? ಲೆಫ್ಟೋವರ್ಸ್ ಅಲ್ಲ. ನೀವು ಮುಟ್ಟಿ ಹೊಡೆದಾಗ ರಫ್ ಸ್ಕಿನ್ ಜೊತೆ ಹೆಲ್ಮೆಟ್ ಪೆಟ್ಟೂ ಬಿತ್ತೇ? ಎಚ್‌ಪಿ, ಡಿಫೆನ್ಸ್ ತುಂಬಿದ ಗೋಡೆ ಅದು, ವೇಗಕ್ಕೆ ಹೆದರಬೇಡಿ. ಸ್ಕೇಲ್ ಶಾಟ್ ಎರಡೋ ಮೂರೋ ಸಲ ಮಾತ್ರ ತಾಗಿ ನಿಂತಿತೇ, ಎದುರಿದ್ದದ್ದು ಇನ್ನೂ ಬದುಕಿದೆಯೇ? ಲೋಡೆಡ್ ಡೈಸ್ ಇಲ್ಲವೇ ಇಲ್ಲ, ಕೈಯಲ್ಲಿರುವುದು ಬೇರೇನೋ. ಏನೂ ಏರಿಸಿಕೊಳ್ಳದೆ ನಿಮ್ಮ ಡ್ರಾಗಪಲ್ಟ್‌ಗಿಂತ ಮೊದಲು ಹೊಡೆಯಿತೇ? ಸ್ಕಾರ್ಫ್. ಅಂಥದ್ದು ಅರ್ಥ್‌ಕ್ವೇಕ್‌ಗೆ ಕಟ್ಟುಬಿದ್ದಾಗ ಕೊರ್ವಿನೈಟ್ ತಂದರೆ ಒಂದು ಟರ್ನ್ ಪುಕ್ಕಟೆ. ಔಟ್‌ರೇಜ್‌ಗೆ ಬಿದ್ದರೆ ಫೇರಿ ತನ್ನಿ. ಆ ಟರ್ನ್‌ನ ಹೊಡೆತ ಪೂರ್ತಿ ವ್ಯರ್ಥವಾಗುತ್ತದೆ.

ನೀವು ಕೊಟ್ಟ ಪೆಟ್ಟು ಎಷ್ಟು ಶೇಕಡಾ ಎಂದು ಶೋಡೌನ್ ತೋರಿಸುತ್ತದೆ. ಅದನ್ನು ಡ್ಯಾಮೇಜ್ ಕ್ಯಾಲ್ಕ್ಯುಲೇಟರ್‌ಗೆ ಹಾಕಿ, ಇವಿ ಇಲ್ಲದ ಗಾರ್ಚಾಂಪ್‌ಗೆ ಅಷ್ಟೇ ಬೀಳುತ್ತದೆಯೇ ನೋಡಿ. ಲೆಕ್ಕಕ್ಕಿಂತ ಕಡಿಮೆ ಬಿದ್ದಿದ್ದರೆ ಎದುರಿನದು ಗೋಡೆ, ಲೆಕ್ಕದಷ್ಟೇ ಬಿದ್ದಿದ್ದರೆ ದಾಳಿಕಾರ. ಈ ಒಂದು ಅಭ್ಯಾಸ ಬಂದರೆ ಅರ್ಧ ಗೆದ್ದ ಹಾಗೆ.

ಪತ್ತೆಯಾದ ಮೇಲೆ ಕ್ರಮ. ಗೋಡೆಯಾದರೆ ಹೊಡೆಯದ ಮೂವ್‌ಗಳನ್ನು ತಡೆಯುವ ಟಾಂಟ್ ಹಾಕಿ, ಮುಟ್ಟದ ಸ್ಪೆಷಲ್ ಮೂವ್‌ಗಳಿಂದ ಹೊಡೆಯಿರಿ. ಡ್ಯಾನ್ಸ್ ಮಾಡುವುದಾದರೆ ಎರಡು ದಾರಿ: ಡ್ಯಾನ್ಸ್ ಆಗುವ ಟರ್ನ್‌ನಲ್ಲೇ ದೊಡ್ಡ ಪೆಟ್ಟು ಕೊಡಿ, ಇಲ್ಲವೇ ಸ್ಕೇಲ್ ಶಾಟ್ ಆಗುವವರೆಗೆ ಕಾದು, ಅದಕ್ಕೆ ಬಲಿಯಾದದ್ದರ ಜಾಗದಲ್ಲಿ ಐಸ್ ಶಾರ್ಡ್ ಇರುವುದನ್ನು ಇಳಿಸಿ. ಮೇಲಿನ ಲೆಕ್ಕ ಈಗ ನಿಮ್ಮ ಪರ. ಸ್ಕೇಲ್ ಶಾಟ್ ಬಳಸದ, ತುಂಬಿದ ಗಾರ್ಚಾಂಪ್ ಮೇಲೆ ಐಸ್ ಶಾರ್ಡ್ ಎಸೆದು ವೀವೈಲ್ ಕಳೆದುಕೊಳ್ಳಬೇಡಿ. ಅದರ ಎಚ್‌ಪಿ ಶೇ 73ಕ್ಕೆ ಇಳಿಯಲಿ, ಆಮೇಲೆ ಖಚಿತ. ಎದುರಿನವರ ಟೆರಾ ಇನ್ನೂ ಉಳಿದಿದ್ದರೆ ಐಸ್ ಮೂವ್ ಒಂದನ್ನೇ ನಂಬದೆ ಗ್ರೌಂಡ್ ಅಥವಾ ಫೈಟಿಂಗ್ ಮೂವ್ ಇರುವ ಎರಡನೆಯವರನ್ನು ಬದುಕಿಸಿಟ್ಟುಕೊಳ್ಳಿ. ಗ್ರೇಟ್ ಟಸ್ಕ್ ಇಲ್ಲಿ ಚೆನ್ನಾಗಿ ಒದಗುತ್ತದೆ: ಐಸ್ ಸ್ಪಿನ್ನರ್ ಹಾಗೂ ಅರ್ಥ್‌ಕ್ವೇಕ್ ಎರಡೂ ಇರುವುದರಿಂದ ಟೆರಾ ಸ್ಟೀಲ್ ಆದರೂ ಆಗದಿದ್ದರೂ ಪೆಟ್ಟು ತಪ್ಪದು. ಎರಡರಲ್ಲಿ ಯಾವುದು ಎಂದು ಸರಿಯಾಗಿ ಊಹಿಸಬೇಕು ಅಷ್ಟೇ.

ಡಬಲ್ಸ್‌ನಲ್ಲಿ

ಇಲ್ಲಿ ಅರ್ಥ್‌ಕ್ವೇಕ್ ನಿಮ್ಮ ಜೊತೆಗಾರನಿಗೂ ತಾಗುತ್ತದೆ, ಜೊತೆಗೆ ಹಲವರಿಗೆ ಹಂಚಿಹೋಗುವ ಮೂವ್ ಆದ್ದರಿಂದ ಬಲ ಮುಕ್ಕಾಲಾಗುತ್ತದೆ. 100ರ ಮುಕ್ಕಾಲು 75, ಸ್ಟಾಂಪಿಂಗ್ ಟ್ಯಾಂಟ್ರಮ್‌ನ ಬಲವೂ 75. ಒಬ್ಬರನ್ನೇ ಹೊಡೆಯುವುದಾದರೆ ಪೆಟ್ಟಿನಲ್ಲಿ ವ್ಯತ್ಯಾಸವೇ ಇಲ್ಲ, ಜೊತೆಗಾರನಿಗೆ ಹಾನಿಯೂ ಇಲ್ಲ. ಪಕ್ಕದಲ್ಲಿ ಹಾರುವ ಅಥವಾ ತೇಲುವ ಪೋಕೆಮಾನ್ ಇಲ್ಲದ ತಂಡದಲ್ಲಿ ಅರ್ಥ್‌ಕ್ವೇಕ್ ಇಟ್ಟು "ಹೊಡೆಯಲು ಆಗುತ್ತಿಲ್ಲ" ಎನ್ನುವವರು ಮೊದಲು ಈ ಮೂವ್ ಬದಲಿಸಿ ನೋಡಲಿ. ಇಂಟಿಮಿಡೇಟ್ ಕಾಟ ಹೆಚ್ಚಿದ್ದರೆ ಕ್ಲಿಯರ್ ಆ್ಯಮ್ಯುಲೆಟ್ ಕೊಡಿ.

2014ರಲ್ಲಿ ವಾಷಿಂಗ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಆದ ಕೊರಿಯಾದ ಸೆಜುನ್ ಪಾರ್ಕ್ ತಂಡದಲ್ಲೂ ಗಾರ್ಚಾಂಪ್ ಇತ್ತು. ಎಲ್ಲರಿಗೂ ನೆನಪಿರುವುದು ಆ ತಂಡದ ಪಚಿರಿಸು. ಫಾಲೋ ಮೀ ಹಾಕಿ ಎದುರಿನ ಹೊಡೆತಗಳನ್ನೆಲ್ಲ ತನ್ನ ಕಡೆ ಸೆಳೆದುಕೊಳ್ಳುತ್ತಿದ್ದ ಆ ಪುಟ್ಟ ಅಳಿಲು ಪಕ್ಕದವರಿಗೆ ನಿರಾಳವಾಗಿ ಆಡಲು ಬಿಡುತ್ತಿತ್ತು. ಡಬಲ್ಸ್‌ನಲ್ಲಿ ಗಾರ್ಚಾಂಪ್ ಮೊದಲ ಟರ್ನ್‌ನಲ್ಲೇ ಸಾಯುತ್ತಿದ್ದರೆ ಅದರ ಇವಿ ತಿದ್ದುವ ಮುಂಚೆ ಪಕ್ಕದಲ್ಲಿ ಫಾಲೋ ಮೀ ಇರುವವರನ್ನು ನಿಲ್ಲಿಸಿ. ಎದುರಿಸುವವರಿಗೆ, ಅರ್ಥ್‌ಕ್ವೇಕ್ ಇರುವ ಗಾರ್ಚಾಂಪ್ ಮುಂದೆ ಹಲವರಿಗೆ ತಾಗುವ ಮೂವ್‌ಗಳನ್ನು ತಡೆಯುವ ವೈಡ್ ಗಾರ್ಡ್ ಸಾಕು. ಸ್ಟಾಂಪಿಂಗ್ ಟ್ಯಾಂಟ್ರಮ್ ಇದ್ದರೆ ಅದು ನಡೆಯುವುದಿಲ್ಲ, ಆಗ ಪ್ರೊಟೆಕ್ಟ್.

ಇಷ್ಟಾದರೂ ಸೋಲುತ್ತಿದ್ದರೆ

ಸೋತ ಪಂದ್ಯದ ರಿಪ್ಲೇ ಉಳಿಸಿಟ್ಟು ಗಾರ್ಚಾಂಪ್ ಮೊದಲ ಸಲ ಕಣಕ್ಕಿಳಿದ ಟರ್ನ್‌ಗೆ ಹೋಗಿ. ಅದು ಇಳಿಯುವಾಗ ಪೆಟ್ಟು ತಿಂದು ಇಳಿಯಿತೇ, ಎಲೆಕ್ಟ್ರಿಕ್ ಮೂವ್ ತಪ್ಪಿಸಿಕೊಂಡು ಇಳಿಯಿತೇ, ಅಥವಾ ಯಾರೋ ಸತ್ತ ಮೇಲೆ ಆರಾಮಾಗಿ ಇಳಿಯಿತೇ ನೋಡಿ. ಆ ಹೊತ್ತಿಗೆ ಎದುರಿನ ಕೊರ್ವಿನೈಟ್, ವೀವೈಲ್, ಡೊಂಡೋಝೋಗಳಲ್ಲಿ ಎಷ್ಟು ಬದುಕಿದ್ದವು ಎಂದು ಬರೆದುಕೊಳ್ಳಿ. ದಾಳಿಯ ಸೆಟ್ ಇಟ್ಟುಕೊಂಡು ಇವೆಲ್ಲ ತುಂಬಿದ ಎಚ್‌ಪಿಯಲ್ಲಿರುವಾಗಲೇ ಮೂರನೇ ಟರ್ನ್‌ಗೆ ಇಳಿಸಿದ್ದರೆ ಸೆಟ್ ಬದಲಿಸಬೇಕಿಲ್ಲ, ಮುಂದಿನ ಪಂದ್ಯದಲ್ಲಿ ಅದನ್ನು ಹತ್ತನೇ ಟರ್ನ್‌ವರೆಗೆ ಹಿಂದೆ ಇಟ್ಟುಕೊಂಡು ನೋಡಿ. ಕಲ್ಲು ಹಾಕುವ ಸೆಟ್ ಇಟ್ಟುಕೊಂಡು ಹತ್ತನೇ ಟರ್ನ್‌ಗೆ ಇಳಿಸಿದ್ದರೆ ಇದರ ತಿರುಗು ಮುರುಗು: ಮೊದಲ ಪೋಕೆಮಾನ್ ಆಗಿಯೇ ಕಳಿಸಿ, ಒಂದನೇ ಟರ್ನ್‌ನಲ್ಲೇ ಸ್ಟೆಲ್ತ್ ರಾಕ್ ಒತ್ತಿ.